ಟ್ರ್ಯಾಕಿಗೆ ಹೊರಡುವ ಮುಂಚೆ: ಬಳ್ಳಾರಿಯ ಒಂದು ಗ್ಯಾರೇಜು

ಹೊಸಪೇಟೆ ರಸ್ತೆಯ ಈ ಗ್ಯಾರೇಜಿನವರದು ಬ್ರೇಕ್ ಕೆಲಸದಲ್ಲಿ ಎತ್ತಿದ ಕೈ. ಶನಿವಾರ-ಭಾನುವಾರದ ಕ್ಲಬ್ ರೇಸಿಗೆಂದು ಚೆನ್ನೈನ 3.7 ಕಿ.ಮೀ. ಟ್ರ್ಯಾಕಿಗೆ ಕಾರು ಒಯ್ಯುವವರು ಬ್ರೇಕ್ ಆಯಿಲ್ ಇಲ್ಲೇ ಬದಲಿಸಿಕೊಳ್ಳಿ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯುತ್ತದೆ. ನೀರಿನ ಪಸೆ ಹೀರಿದ ಹಳೆಯದು 155ರ ಹೊತ್ತಿಗೇ ಕುದಿಯಬಹುದು. ಆವಿ ಗುಳ್ಳೆ ಎದ್ದರೆ ಪೆಡಲ್ ಸೀದಾ ನೆಲಕ್ಕೆ, ಬ್ರೇಕ್ ಹಿಡಿಯುವುದಿಲ್ಲ! ಇವರು ಒಂದು ಲೀಟರ್ ಪೂರ್ತಿ ಬಳಸಿ, ನಾಲ್ಕೂ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಗುಳ್ಳೆ ನಿಲ್ಲುವ ತನಕ ಬಿಡುವುದಿಲ್ಲ. ಚಕ್ರದ ನಟ್ಟುಗಳನ್ನು ಎಷ್ಟು ಬೇಕೋ ಅಷ್ಟೇ ಅಳೆದು ಬಿಗಿಯುವ ಟಾರ್ಕ್ ರೆಂಚಿನಲ್ಲೇ ಬಿಗಿಯುತ್ತಾರೆ, ಅದು ಬಹಳ ಮುಖ್ಯ. ರೇಸಿನ ಬ್ರೇಕ್ ಪ್ಯಾಡ್ ಮಾತ್ರ ಇಲ್ಲಿಲ್ಲ, ಬೆಂಗಳೂರಿಂದ ತರಿಸಬೇಕು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟಿಗೂ ಬೇರೆ ಕಡೆ ಹೋಗಬೇಕು. ನಮ್ಮ ಅದಿರಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಕೇಳಿ ಬದಲಿಸಿಕೊಳ್ಳಿ.