ಸೆವಿಲ್ ಗೋಡೆನಾ, ಗ್ರನಾಡಾ ಗೋಡೆನಾ?

ದಕ್ಷಿಣ ಸ್ಪೇನಿಗೆ ಹೋದವರೆಲ್ಲ ಅರಮನೆ ನೋಡಲು ಸಾಲು ನಿಲ್ಲುತ್ತಾರೆ. ನನಗೆ ಹಿಂದೆ ಇಲ್ಲಿ ಆಳಿದ, ‘ಮೂರ್’ ಎಂದು ಕರೆಯುವ ಮುಸ್ಲಿಂ ಅರಸರು ಊರಿನ ಸುತ್ತ ಕಟ್ಟಿಸಿದ ಗೋಡೆಗಳ ಹುಚ್ಚು. ಒಂದೇ ವಾರದಲ್ಲಿ ಸೆವಿಲ್‌ನ ಮಕರೇನಾ ಗೋಡೆ, ಗ್ರನಾಡಾದ ಅಲ್ಬೈಸಿನ್ ಗೋಡೆ ಎರಡರ ಪಕ್ಕವೂ ನಡೆದೆ.

ಕಾಲಿಗೆ ಸುಖ ಸೆವಿಲ್. ಮಕರೇನಾ ಬಾಗಿಲಿನಿಂದ ಕಾರ್ಡೋಬಾ ಬಾಗಿಲವರೆಗೂ ಸಮತಟ್ಟು. 12ನೇ ಶತಮಾನದ ಗೋಡೆ ಇದು. 19ನೇ ಶತಮಾನದಲ್ಲಿ ಊರು ಬೆಳೆಯಲಿ ಅಂತ ಸುತ್ತಲಿನ ಬಹುಪಾಲು ಕೆಡವಿದರು, ಇಷ್ಟುದ್ದ ಉಳಿಯಿತು. ಮುಂದೆ ಗಿಡ್ಡ ಗೋಡೆ, ಹಿಂದೆ ಎತ್ತರದ್ದು, ನಡುನಡುವೆ ಚೌಕದ ಬುರುಜು.

ಹತ್ತಿರ ಹೋಗಿ ನೋಡಿ, ಇದು ಕಲ್ಲಲ್ಲ. ಎರಡು ಹಲಗೆ ನಡುವೆ ಮಣ್ಣು, ಸುಣ್ಣ, ಗರಸು ಸುರಿದು ಗುದ್ದಿ ಗುದ್ದಿ ಗಟ್ಟಿ ಮಾಡಿದ್ದು. ಒಂದು ವರಸೆ ಆದಮೇಲೆ ಅದರ ಮೇಲೊಂದು. ಆ ಅಡ್ಡ ಗೆರೆಗಳು ಈಗಲೂ ಕಾಣುತ್ತವೆ. ಸಾಲಾಗಿ ಇರುವ ತೂತುಗಳನ್ನು ನೋಡಿ ಗುಂಡಿನ ಗುರುತು ಅಂದುಕೊಂಡಿದ್ದೆ. ಅಲ್ಲ, ಹಲಗೆಗೆ ಆಸರೆಯಾಗಿದ್ದ ಅಡ್ಡಗೋಲುಗಳ ಜಾಗ ಅವು! ಗೋಡೆ ಹೇಗೆ ಕಟ್ಟಿದರು ಅಂತ ತಿಳಿಯಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಬೆನ್ನ ಹಿಂದೆ ಬಸ್ಸು, ಕಾರು. ಅರ್ಧ ಗಂಟೆಗೆ ಸಾಕೆನಿಸಿತು.

ಗ್ರನಾಡಾದಲ್ಲಿ ಏರು. ಅಲ್ಹಾಕಾಬಾ ಬೀದಿಯ ಪಕ್ಕ 11ನೇ ಶತಮಾನದಲ್ಲಿ ಜಿರಿದ್ ಅರಸರು ಎತ್ತಿಸಿದ ಗೋಡೆ ಗುಡ್ಡದ ನೆತ್ತಿಗೆ ಅಂಟಿಕೊಂಡಿದೆ. ಮೇಲಿನ ಓಣಿಗಳಿಗೆ ಹಾಸಿದ್ದು ನುಣ್ಣನೆ ಹೊಳೆಗಲ್ಲು. ಸುಮ್ನೆ ಚಪ್ಪಲಿ ಹಾಕಿಕೊಂಡು ಹೊರಟ ನಾನು ಎರಡು ಸಲ ಜಾರಿದೆ. ಒಂದು ಸಲ ಕುಂಡೆ ಊರಿಯೇ ಕೂತೆ.

ಆದರೆ ಮೇಲೆ ಪೆಸಾಸ್ ಬಾಗಿಲು ಇದೆಯಲ್ಲ, ಅದಕ್ಕೆ ಎಲ್ಲ ನೋವೂ ಮಾಫಿ. ಒಳಹೊಕ್ಕರೆ ನೇರ ದಾರಿಯಿಲ್ಲ, ತಿರುಗಬೇಕು. ನುಗ್ಗಿ ಬಂದ ಶತ್ರು ಅಲ್ಲೇ ತಡವರಿಸಲಿ ಅಂತ. ಚಿತ್ರದುರ್ಗದ ಬಾಗಿಲುಗಳನ್ನು ದಾಟಿದವರಿಗೆ ಈ ಉಪಾಯ ಹೊಸದೇನಲ್ಲ. ತಿರುಗಿ ಹೊರಬಂದರೆ ಲಾರ್ಗಾ ಚೌಕ, ಬೆಳಗ್ಗೆ ತರಕಾರಿ ಅಂಗಡಿಗಳು. ಪೆಸಾಸ್ ಅಂದರೆ ತೂಕದ ಬಟ್ಟು. ಮೋಸದ ತೂಕ ಹಾಕಿದ ವ್ಯಾಪಾರಿಗಳ ಬಟ್ಟು ಕಿತ್ತುಕೊಂಡು ಈ ಬಾಗಿಲಿಗೇ ನೇತುಹಾಕುತ್ತಿದ್ದರಂತೆ. ಟೊಮೆಟೊ ಕೊಳ್ಳುವಾಗ ತಕ್ಕಡಿ ಕಡೆ ಕಣ್ಣು ಹೋಗದೆ ಇರಲಿಲ್ಲ.

ಸಂಜೆ ಇನ್ನೂ ಮೇಲೆ, ಸಾನ್ ಮಿಗೆಲ್ ಗುಡ್ಡಕ್ಕೆ ಹತ್ತಿದೆ. ಅಲ್ಲಿ ಪಾಪಾಸುಕಳ್ಳಿ ನಡುವೆ ಇಳಿಯುವುದು 14ನೇ ಶತಮಾನದ ನಸ್ರಿದ್ ಅರಸರ ಗೋಡೆ. ಎದುರಿಗೆ ಅಲ್ಹಾಂಬ್ರಾ ಅರಮನೆ ಕೆಂಪಗೆ ಕೂತಿರುತ್ತದೆ, ಇಲ್ಲಿಂದ ನೋಡಲು ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ.

ಮಂಡಿನೋವು ಇದ್ದವರು ಸೆವಿಲ್‌ಗೇ ಹೋಗಿ. ನಾನಂತೂ ಇನ್ನೊಂದು ಸಲ ಹೋದರೆ ಗ್ರನಾಡಾಕ್ಕೇ, ಹಿಡಿತ ಇರುವ ಶೂ ಹಾಕಿಕೊಂಡು.