ಹುಲ್ಲಿನ ಮೋವರ್‌ಗೆ ಎರಡು ಬೆಲ್ಟ್ ಹಾಕಿ ನೋಡಿದೆ: ಒಂದು ಆರು ವಾರ, ಇನ್ನೊಂದಕ್ಕೆ ಇದು ಮೂರನೇ ವರ್ಷ

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಹಿತ್ತಲೆಲ್ಲ ಇಳಿಜಾರು, ಕೆಂಪು ಜೇಡಿಮಣ್ಣು, ಮೇಲೆ ಫೆಸ್ಕ್ಯೂ ಹುಲ್ಲು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ವಾರ ಸುಮ್ನೆ ಬಿಟ್ಟರೆ ಕಾಲ ಹರಡು ಮುಚ್ಚುವಷ್ಟು ಬೆಳೆದಿರುತ್ತದೆ. ಹುಲ್ಲು ಕತ್ತರಿಸುವುದು ನಮ್ಮನೇಲಿ ನನ್ನ ಕೆಲಸ. ಮೋವರ್ 22 ಇಂಚಿನದು, ಹಿಂದಿನ ಚಕ್ರಗಳು ಇಂಜಿನ್ ಬಲದಿಂದಲೇ ಓಡುತ್ತವೆ, ಆ ಬಲವನ್ನು ಚಕ್ರಕ್ಕೆ ತಲುಪಿಸುವುದು ಒಂದು ರಬ್ಬರ್ ಬೆಲ್ಟ್. ನಾವು ಹಿಡಿ ಹಿಡಿದು ಹಿಂದೆ ನಡೆದರೆ ಸಾಕು.

ಏಳನೇ ವರ್ಷ ಅದು ಏರು ಹತ್ತುವುದನ್ನು ಬಿಟ್ಟಿತು. ಬ್ಲೇಡ್ ಚೆನ್ನಾಗಿ ತಿರುಗುತ್ತಿತ್ತು, ಸಮತಟ್ಟು ಜಾಗದಲ್ಲಿ ಓಡುತ್ತಲೂ ಇತ್ತು. ಏರು ಬಂದ ತಕ್ಷಣ ಚಕ್ರ ನಿಲ್ಲುತ್ತಿತ್ತು, ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ನಾನು ಹಿಟ್ಟಿನ ಮಿಲ್ಲಿನ ಮನೇಲಿ ಬೆಳೆದವಳು. ತಿಪಟೂರಿನ ಹತ್ತಿರ ನಮ್ಮಪ್ಪ ಮೂವತ್ತು ವರ್ಷ ಮಿಲ್ಲು ನಡೆಸಿದರು. ಬೆಲ್ಟ್ ಜಾರಿದಾಗ ಬರುವ ವಾಸನೆ ನನಗೆ ರಾಗಿ ಹಿಟ್ಟಿನ ವಾಸನೆಯಷ್ಟೇ ಗುರುತು. ರಿಪೇರಿ ಅಂಗಡಿಯವರು ಎರಡು ವಾರ ಬಿಟ್ಟು ಬನ್ನಿ ಅಂದರು. ಹುಲ್ಲು ಎರಡು ವಾರ ಕಾಯುತ್ತದೆಯೇ? ನಾನೇ ಬಿಚ್ಚಿದೆ.

ಮೊದಲು ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು ದೂರಕ್ಕೆ ಕಟ್ಟಿಟ್ಟೆ. ಇದನ್ನು ಮಾತ್ರ ಯಾರೂ ಮರೆಯಬೇಡಿ. ವೈರ್ ಇದ್ದಾಗ ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಇಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಪೆಟ್ರೋಲನ್ನು ಓಡಿಸಿಯೇ ಖಾಲಿ ಮಾಡಿದ್ದೆ. ಮೋವರನ್ನು ಏರ್ ಫಿಲ್ಟರ್ ಮೇಲೆ ಬರುವ ಹಾಗೆ ಮಲಗಿಸಿದೆ. ಇಲ್ಲದಿದ್ದರೆ ಇಂಜಿನ್ ಆಯಿಲ್ ಇಳಿದು ಫಿಲ್ಟರ್ ತೋಯುತ್ತದೆ. ಬ್ಲೇಡ್ ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು ಬೋಲ್ಟ್ ಬಿಚ್ಚಿದೆ. ಬೆಲ್ಟಿನ ಕವರ್ ತೆಗೆದರೆ ಒಳಗೆ ಎರಡು ಬೊಗಸೆ ಒಣಹುಲ್ಲು! ಗುಡಿಸಿ, ಹಳೆ ಬೆಲ್ಟ್ ಕೂತಿದ್ದ ದಾರಿಯ ಫೋಟೊ ತೆಗೆದುಕೊಂಡೆ. ಆ ಫೋಟೊ ಮುಂದೆ ನನ್ನ ಒಂದು ಗಂಟೆ ಉಳಿಸಿತು.

ಅವಸರದಲ್ಲಿ ಆನ್‌ಲೈನ್‌ನಲ್ಲಿ ಅಗ್ಗದ ಬೆಲ್ಟ್ ತರಿಸಿದೆ. ಅಗಲ 3/8 ಇಂಚು, ಉದ್ದವೂ ಹಳೆಯದರಷ್ಟೇ ಅಂತ ಬರೆದಿತ್ತು. ಹಾಕಿದ ದಿನ ಮೋವರ್ ಕುದುರೆ ಥರ ಏರು ಹತ್ತಿತು. ಮೂರನೇ ವಾರಕ್ಕೆ ಸ್ವಲ್ಪ ಜಾರತೊಡಗಿತು. ಹಿಡಿಯ ಲಿವರ್‌ನಿಂದ ಬೆಲ್ಟನ್ನು ಬಿಗಿಯುವ ಕೇಬಲ್ ಇದೆ. ಅದನ್ನು ಬಿಗಿ ಮಾಡಿದೆ, ಸರಿಹೋಯಿತು. ಐದನೇ ವಾರ ಮತ್ತೆ ಬಿಗಿ ಮಾಡಿದೆ. ಆರನೇ ವಾರ ಅದೇ ವಾಸನೆ.

ಬೆಲ್ಟ್ ಬಿಚ್ಚಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ರಾತ್ರಿ, ಊಟಕ್ಕೆ ಕೂತಿದ್ದರು. ತಟ್ಟೆ ಪಕ್ಕಕ್ಕಿಟ್ಟು ಫೋನನ್ನು ಕಣ್ಣ ಹತ್ತಿರ ತಂದುಕೊಂಡರು. "ಬೆಲ್ಟು ಕಚ್ಕೊಳೋದು ಕೆನ್ನೇಲಿ ಕಣಮ್ಮ, ಹೊಟ್ಟೇಲಲ್ಲ. ಹೊಟ್ಟೆ ತಿರುಗ್ಸಿ ತೋರ್ಸು" ಅಂದರು. ತಿರುಗಿಸಿದೆ. ಬೆಲ್ಟಿನ ಕೆಳಭಾಗ ಎಣ್ಣೆ ಸವರಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. "ನೋಡು, ಇದು ಪುಲ್ಲಿ ತಳ ಮುಟ್ಟಿದೆ. ತಳ ಮುಟ್ಟಿದ ಮೇಲೆ ನೀನು ಎಷ್ಟು ಬಿಗಿದ್ರೂ ಜಾರುತ್ತೆ."

ವಿ ಬೆಲ್ಟಿನ, ಅಂದರೆ ಅಡ್ಡ ಕೊಯ್ದರೆ ಇಂಗ್ಲಿಷಿನ V ಥರ ಕಾಣುವ ಬೆಲ್ಟಿನ, ಗುಟ್ಟೇ ಇದು. ಪುಲ್ಲಿಯ (ಬೆಲ್ಟ್ ಸುತ್ತುವ ಗಾಲಿಯ) ತೋಡಿನಲ್ಲಿ ಅದು ಎರಡು ಪಕ್ಕಗಳನ್ನೂ ಒತ್ತಿ ಕೂರಬೇಕು, ಕೆಳಗೆ ಸ್ವಲ್ಪ ಜಾಗ ಉಳಿಯಬೇಕು. ಪಕ್ಕ ಸವೆದು ಸಣ್ಣದಾದರೆ ಒಳಕ್ಕೆ ಇಳಿದು ತಳಕ್ಕೆ ತಾಗುತ್ತದೆ, ಆಮೇಲೆ ಹಿಡಿತ ಹೋಗುತ್ತದೆ. ಅದರಲ್ಲೂ ನನ್ನ ಮೋವರ್‌ನಂಥದ್ದರಲ್ಲಿ ಬೇರೆ ಕ್ಲಚ್ ಇಲ್ಲ. ಲಿವರ್ ಹಿಡಿದಾಗ ಕೇಬಲ್ ಗೇರ್‌ಬಾಕ್ಸನ್ನು ಸ್ವಲ್ಪ ವಾಲಿಸುತ್ತದೆ, ಬೆಲ್ಟ್ ಬಿಗಿಯಾಗಿ ಚಕ್ರ ಓಡುತ್ತದೆ. ಲಿವರ್ ಬಿಟ್ಟರೆ ಬೆಲ್ಟ್ ಸಡಿಲಾಗಿ ಪುಲ್ಲಿ ಅದರೊಳಗೇ ತಿರುಗುತ್ತದೆ. ಅಂದರೆ ಬೆಲ್ಟೇ ಕ್ಲಚ್. ಪ್ರತಿ ತಿರುವಿನಲ್ಲೂ ಸ್ವಲ್ಪ ಜಾರಿ, ಸ್ವಲ್ಪ ಬಿಸಿಯಾಗಿ, ಮತ್ತೆ ಹಿಡಿಯಬೇಕು. ಸಾಮಾನ್ಯ ಬೆಲ್ಟಿಗೆ ಆ ಶಾಖ ತಡೆಯುವುದಿಲ್ಲ.

ಎರಡನೇ ಸಲ ಮೋವರ್ ಕಂಪನಿಯದೇ ಬೆಲ್ಟ್ ತರಿಸಿದೆ. ಬೆಲೆ ಮೂರು ಪಟ್ಟು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸ ಕಂಡಿತು. ಹೊಸದರ ಸುತ್ತ ಬಟ್ಟೆಯ ಹೊದಿಕೆ ಇದೆ, ಒಳಗಿನ ದಾರ ಕೆವ್ಲಾರ್ ಅನ್ನೋ ಗಟ್ಟಿ ನಾರಿನದು. ಅಗ್ಗದ್ದರಲ್ಲಿದ್ದದ್ದು ಪಾಲಿಯೆಸ್ಟರ್ ದಾರ, ಅದು ಜಾಸ್ತಿ ಹಿಗ್ಗುತ್ತದೆ. ಹೊಸದನ್ನು ಪುಲ್ಲಿಗೆ ಕೂರಿಸಿದರೆ ಅದರ ಬೆನ್ನು ತೋಡಿನ ಅಂಚಿಗೆ ಸಮವಾಗಿ ನಿಂತಿತು. ಅಗ್ಗದ್ದು ಒಂದು ಬೆಂಕಿಕಡ್ಡಿ ದಪ್ಪ ಒಳಗೆ ಮುಳುಗಿತ್ತು. ಹಾಕುವ ಮುಂಚೆ ನಾನು ಇದೊಂದನ್ನು ನೋಡಿದ್ದರೆ ಆರು ವಾರ ಪರದಾಡಬೇಕಿರಲಿಲ್ಲ.

ಬೆಲ್ಟ್ ಹಾಕಿದ ಮೇಲೆ ಕೇಬಲ್ ಅಡ್ಜಸ್ಟ್ ಮಾಡಲೇಬೇಕು. ಹಳೆ ಬೆಲ್ಟಿಗೆ ಅಂತ ಬಿಗಿ ಮಾಡಿದ್ದ ಕೇಬಲ್ ಹಾಗೇ ಇದ್ದರೆ ಹೊಸ ಬೆಲ್ಟ್ ಲಿವರ್ ಬಿಟ್ಟಾಗಲೂ ಎಳೆಯುತ್ತಿರುತ್ತದೆ. ನಾನು ಹಿಡಿಯ ಹತ್ತಿರದ ನಾಬನ್ನು ಪೂರ್ತಿ ಸಡಿಲ ಮಾಡಿ, ಅರ್ಧ ಸುತ್ತು ಅರ್ಧ ಸುತ್ತು ಬಿಗಿಯುತ್ತಾ ಬಂದೆ. ಇಂಜಿನ್ ಆಫ್ ಇಟ್ಟೇ ನೋಡಬಹುದು. ಲಿವರ್ ಹಿಡಿದು ಮೋವರನ್ನು ಹಿಂದಕ್ಕೆ ಎಳೆದರೆ ಚಕ್ರ ತಿರುಗದೆ ನೆಲ ಉಜ್ಜಬೇಕು. ಲಿವರ್ ಬಿಟ್ಟು, ಒಂಚೂರು ಮುಂದೆ ತಳ್ಳಿ, ಹಿಂದಕ್ಕೆ ಎಳೆದರೆ ಹಗುರವಾಗಿ ಉರುಳಬೇಕು. ಎರಡೂ ಆದಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಬಿಗಿದರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಬೆಲ್ಟ್ ಬಿಡುವಿಲ್ಲದೆ ಬಿಸಿಯಾಗುತ್ತದೆ. ನನ್ನ ಅಗ್ಗದ ಬೆಲ್ಟ್ ಅಷ್ಟು ಬೇಗ ಸಾಯಲು ನಾನು ಮತ್ತೆ ಮತ್ತೆ ಬಿಗಿದಿದ್ದೂ ಒಂದು ಕಾರಣ ಇರಬೇಕು. ಹೊಸದು ಮೊದಲ ಎರಡು ಸಲ ಕತ್ತರಿಸುವಷ್ಟರಲ್ಲಿ ಸ್ವಲ್ಪ ಹದಕ್ಕೆ ಬರುತ್ತದೆ. ಆಮೇಲೆ ಇನ್ನೊಂದು ಸಲ ಇದೇ ಪರೀಕ್ಷೆ ಮಾಡಿ.

ಬ್ಲೇಡ್ ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್) ಬಿಗಿ ಮಾಡಿ. ಕೈ ಅಂದಾಜು ಇಲ್ಲಿ ಬೇಡ. ಬ್ಲೇಡಿನ ರೆಕ್ಕೆಯ ಹಾಗೆ ಎದ್ದ ಭಾಗ ಮೋವರ್‌ನ ಇಂಜಿನ್ ಇರುವ ಕಡೆಗೆ ಇರಬೇಕು, ನೆಲದ ಕಡೆಗಲ್ಲ.

ಪಾರ್ಟ್ ನಂಬರ್ ನಾನು ಬೇಕಂತಲೇ ಬರೆದಿಲ್ಲ. ನೋಡಲು ಒಂದೇ ಥರ ಇರುವ ಮೋವರ್‌ಗಳಿಗೂ ಬೇರೆ ಬೇರೆ ಬೆಲ್ಟ್ ಇರುತ್ತವೆ. ನಿಮ್ಮ ಮೋವರ್‌ನ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಕಂಪನಿಯ ಸೈಟಿನಲ್ಲಿ ಹಾಕಿಯೇ ತರಿಸಿ.

ಕಂಪನಿ ಬೆಲ್ಟಿಗೆ ನನ್ನಿಂದ ಐದಕ್ಕೆ ಐದು. ಅಗ್ಗದ್ದಕ್ಕೆ ಒಂದು, ಅದೂ ಹೇಳಿದ ದಿನ ತಲುಪಿದ್ದಕ್ಕೆ. ಮೊನ್ನೆ ಸೀಸನ್ ಶುರುವಿಗೆ ಕವರ್ ತೆಗೆದು ನೋಡಿದೆ. ಬೆಲ್ಟಿನ ಪಕ್ಕದಲ್ಲಿ ಬಿರುಕಿಲ್ಲ, ಬೆನ್ನು ಇನ್ನೂ ಅಂಚಿನ ಸಮಕ್ಕೇ ಇದೆ. ಅಪ್ಪನಿಗೆ ಫೋಟೊ ಕಳಿಸಿದೆ. "ಹೊಟ್ಟೆ?" ಅಂತ ಒಂದೇ ಪದದ ಉತ್ತರ ಬಂತು. ಮತ್ತೆ ಹೋಗಿ ಹೊಟ್ಟೆಯ ಫೋಟೊ ತೆಗೆದು ಕಳಿಸಿದೆ. ಹೊಳಪಿರಲಿಲ್ಲ.