ಹ್ಯಾಂಬರ್ಗ್ ಹತ್ತಿರ, ನಮ್ಮ ಫೈರ್‌ವಾಲೇ ದೂರ: ಎನ್‌ಕೆಎನ್ ಬಳಕೆದಾರನ ವಿಮರ್ಶೆ

ರಾಷ್ಟ್ರೀಯ ಜ್ಞಾನ ಜಾಲಕ್ಕೆ, ಅಂದರೆ ನಾವೆಲ್ಲ ಎನ್‌ಕೆಎನ್ ಎಂದು ಕರೆಯುವ ಸಂಪರ್ಕಕ್ಕೆ, ನನ್ನಿಂದ ಐದಕ್ಕೆ ನಾಲ್ಕೂವರೆ ಅಂಕ. ಅದೇ ಸಂಪರ್ಕ ನಮ್ಮ ವಿಶ್ವವಿದ್ಯಾಲಯದ ಗೇಟು ದಾಟಿ ನನ್ನ ಮೇಜಿನವರೆಗೆ ಬರುವ ರೀತಿಗೆ ಎರಡು ಅಂಕ. ಇವೆರಡನ್ನೂ ಕೂಡಿಸಿ ಸರಾಸರಿ ಹೇಳಲು ನನಗೆ ಮನಸ್ಸಿಲ್ಲ. ಹಾಗೆ ಹೇಳಿದರೆ ಬೈಗುಳ ಬೀಳಬೇಕಾದವರು ತಪ್ಪಿಸಿಕೊಳ್ಳುತ್ತಾರೆ, ಬೀಳಬಾರದವರು ಸಿಕ್ಕಿಕೊಳ್ಳುತ್ತಾರೆ.

ನನ್ನ ಕೆಲಸ ಪಶ್ಚಿಮ ಘಟ್ಟದ ಮಳೆಯ ಬಗ್ಗೆ. ಆದರೆ ಅದಕ್ಕೆ ಬೇಕಾದ ದತ್ತಾಂಶ ಆಗುಂಬೆಯಲ್ಲಿ ಸಿಗುವುದಿಲ್ಲ. ಇಆರ್‌ಎ-5 ಎಂಬ ಜಾಗತಿಕ ಹವಾಮಾನ ದಾಖಲೆಯನ್ನು ಯುರೋಪಿನವರು ಇಟಲಿಯ ಬೊಲೊನ್ಯಾದ ದತ್ತಾಂಶ ಕೇಂದ್ರದಲ್ಲಿ ಇಟ್ಟಿದ್ದಾರೆ. ಮುಂದಿನ ದಶಕಗಳ ಹವಾಮಾನವನ್ನು ಅಂದಾಜಿಸುವ ಮಾದರಿಗಳ ಸಂಗ್ರಹ ಜರ್ಮನಿಯ ಹ್ಯಾಂಬರ್ಗ್, ಅಮೆರಿಕದ ಲಿವರ್‌ಮೋರ್, ನಮ್ಮದೇ ಪುಣೆ ಎಂದು ಹಲವು ಊರುಗಳಲ್ಲಿ ಹಂಚಿಹೋಗಿದೆ. ಇಆರ್‌ಎ-5ರಲ್ಲಿ 1940ರಿಂದ ಈಚಿನ ಪ್ರತಿ ಗಂಟೆಯ ಲೆಕ್ಕವಿದೆ. ಕಾಲು ಡಿಗ್ರಿಯ ಜಾಲರಿಯಲ್ಲಿ ಭೂಮಿಯ ಮೇಲೆ 10 ಲಕ್ಷಕ್ಕೂ ಹೆಚ್ಚು ಬಿಂದುಗಳು. ಒಂದೇ ಒಂದು ಅಂಶವನ್ನು, ಉದಾಹರಣೆಗೆ ಗಾಳಿಯ ಪೂರ್ವ-ಪಶ್ಚಿಮ ವೇಗವನ್ನು, ಒಂದೇ ಎತ್ತರದಲ್ಲಿ ಒಂದು ವರ್ಷಕ್ಕೆ ತೆಗೆದುಕೊಂಡರೂ ಸುಮಾರು 18 ಜಿಬಿ ಆಗುತ್ತದೆ. ಕರ್ನಾಟಕದ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಜೂನ್ ತಿಂಗಳಲ್ಲಿ ನಮ್ಮ ಘಟ್ಟಕ್ಕೆ ಬಂದು ಬಡಿಯುವ ಗಾಳಿ ಸೊಮಾಲಿಯದ ಕರಾವಳಿಯನ್ನು ಹಾದು ಬಂದಿರುತ್ತದೆ, ಎಲ್ಲಿಂದ ಕತ್ತರಿಸಲಿ?

ಎನ್‌ಕೆಎನ್ ಅಂಗಡಿಯಲ್ಲಿ ಸಿಗುವ ಇಂಟರ್ನೆಟ್ ಅಲ್ಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಗಳಿಗೆ 5,990 ಕೋಟಿ ರೂಪಾಯಿ ತೆಗೆದಿರಿಸಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ಕೈಯಲ್ಲಿ ಕಟ್ಟಿಸಿದ ಜಾಲ ಇದು. ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ಪ್ರಯೋಗಾಲಯಗಳು ಇದರ ಗ್ರಾಹಕರು. ನಮ್ಮಂಥ ವಿಶ್ವವಿದ್ಯಾಲಯಕ್ಕೆ ಸಿಕ್ಕಿದ್ದು ಸೆಕೆಂಡಿಗೆ 1 ಗಿಗಾಬಿಟ್ (1 ಜಿಬಿಪಿಎಸ್) ವೇಗದ ಸಂಪರ್ಕ. ಬಳಕೆದಾರನಾಗಿ ನಾನು ಇದಕ್ಕೆ ಒಂದು ರೂಪಾಯಿ ಕಟ್ಟಿಲ್ಲ ಎಂಬುದನ್ನೂ ಓದುಗರು ನೆನಪಿನಲ್ಲಿಡಬೇಕು. ಪುಕ್ಕಟೆ ಸಿಕ್ಕಿದ್ದನ್ನು ಹೊಗಳುವುದು ಸುಲಭ.

ಆದರೂ ಹೊಗಳಲು ಕಾರಣವಿದೆ, ಅದು ದೇಶದಾಚೆಯ ಕೊಂಡಿಗಳು. ಭಾರತದ ಸಂಶೋಧಕರಿಗೆ ಜಾಲ ಎಂಬುದು ಮೊದಲು ಸಿಕ್ಕಿದ್ದು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಿಂದ. ಐದು ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮೊದಲ ಎಂಟು ಪಾಲುದಾರರಲ್ಲಿತ್ತು. 1989ರಲ್ಲಿ ಮುಂಬೈಯಿಂದ ಅಮೆರಿಕಕ್ಕೆ ಎಳೆದ ಗೆರೆಯ ವೇಗ ಸೆಕೆಂಡಿಗೆ 9.6 ಕಿಲೊಬಿಟ್. ವಿಜ್ಞಾನಿಗಳ ವಿದೇಶಿ ಇಮೇಲ್ ಅದರಲ್ಲಿ ತೆವಳಿತು. ಮುಂದೆ ಎನ್‌ಕೆಎನ್‌ನಿಂದ ಜಿನೀವಾದ ಕಣಭೌತ ಸಂಶೋಧನಾ ಕೇಂದ್ರವಾದ ಸರ್ನ್‌ಗೆ ಬಂದ ಕೊಂಡಿ 10 ಜಿಬಿಪಿಎಸ್‌ನದು, ಅಂದರೆ ಹತ್ತು ಲಕ್ಷ ಪಟ್ಟು. ಟೀನ್ ಎಂಬ ಏಷ್ಯಾ-ಯುರೋಪ್ ಜಾಲದ ಮೂಲಕ ಯುರೋಪಿನ ಜಿಯಾಂಟ್ ಜಾಲ ಸಿಗುತ್ತದೆ. ಜಿಯಾಂಟ್ ಸಿಕ್ಕಿದರೆ ಅಲ್ಲಿನ ಪ್ರತಿ ದೇಶದ ಶೈಕ್ಷಣಿಕ ಜಾಲವೂ ಸಿಕ್ಕಿದಂತೆ. ಸಿಂಗಪುರದ ಕಡೆಗೂ ಒಂದು ಬಾಗಿಲು ಇದೆ.

ಸರ್ನ್‌ಗೆ ಅಷ್ಟು ದಪ್ಪ ಕೊಂಡಿ ನನ್ನ ಮಳೆ ಲೆಕ್ಕಕ್ಕಾಗಿ ಬಂದದ್ದಲ್ಲ. ಮುಂಬೈಯ ಟಿಐಎಫ್‌ಆರ್ ಮತ್ತು ಕೋಲ್ಕತ್ತದ ವಿಇಸಿಸಿ ಅಲ್ಲಿನ ಕಣಭೌತ ಪ್ರಯೋಗಗಳ ದತ್ತಾಂಶವನ್ನು ಹಂಚಿಕೊಂಡು ಸಂಸ್ಕರಿಸುವ ಕೇಂದ್ರಗಳು. ಅವರಿಗೆ ಅದು ಬೇಕೇ ಬೇಕಿತ್ತು. ದೊಡ್ಡವರ ಮನೆಯ ಮದುವೆಗೆ ಹಾಕಿದ ಚಪ್ಪರದಲ್ಲಿ ಪಕ್ಕದ ಮನೆಯವರು ನಾಮಕರಣ ಮುಗಿಸಿಕೊಂಡ ಹಾಗೆ, ನಮ್ಮಂಥವರ ಕೆಲಸವೂ ಇಂಥ ಕೊಂಡಿಗಳ ನೆರಳಿನಲ್ಲಿ ನಡೆಯುತ್ತಿದೆ. ನನಗೆ ಅದರಲ್ಲಿ ಸಂಕೋಚವೇನೂ ಇಲ್ಲ.

ಇಷ್ಟೆಲ್ಲ ಇದ್ದೂ ಹ್ಯಾಂಬರ್ಗಿನ ಫೈಲು ಏಕೆ ಕುಂಟುತ್ತಾ ಬರುತ್ತದೆ? ಈ ವಿಮರ್ಶೆಯನ್ನು ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ, ಏಕೆಂದರೆ ರಾಜ್ಯದ ಬೇರೆ ವಿಶ್ವವಿದ್ಯಾಲಯಗಳ ಗೆಳೆಯರೂ ಇದನ್ನೇ ಕೇಳುತ್ತಾರೆ.

ನಮ್ಮಲ್ಲಿಂದ ಹ್ಯಾಂಬರ್ಗಿಗೆ ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ತುಣುಕು, ಹೋಗಿ ಉತ್ತರ ಬರಲು 150 ಮಿಲಿಸೆಕೆಂಡ್ ಆಸುಪಾಸು ಬೇಕು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಮಾತ್ರ ಓಡುತ್ತದೆ, ಕೇಬಲ್ಲು ಸಮುದ್ರದಲ್ಲಿ ಸುತ್ತಿ ಬಳಸಿ ಹೋಗುತ್ತದೆ. ಇದನ್ನು ಯಾವ ಅಧಿಕಾರಿಯೂ ಕಡಿಮೆ ಮಾಡಲಾರ. ಕಳಿಸುವ ಕಂಪ್ಯೂಟರು 'ತಲುಪಿತು' ಎಂಬ ಉತ್ತರ ಬರುವವರೆಗೆ ಇಂತಿಷ್ಟೇ ದತ್ತಾಂಶವನ್ನು ದಾರಿಯಲ್ಲಿ ಬಿಡುತ್ತದೆ. 1 ಜಿಬಿಪಿಎಸ್ ಗೆರೆ ತುಂಬಿ ಹರಿಯಬೇಕಾದರೆ ಯಾವ ಕ್ಷಣದಲ್ಲಿ ನೋಡಿದರೂ ಸುಮಾರು 19 ಎಂಬಿ ದಾರಿಯಲ್ಲೇ ಇರಬೇಕು. ಆದರೆ ಜಾಲದ ಬಾಗಿಲು ಕಾಯುವ ಫೈರ್‌ವಾಲ್‌ಗಳಲ್ಲಿ ಕೆಲವು ಹಳೆಯವು ಈ ಮಿತಿಯನ್ನು ಹಿಗ್ಗಿಸಲು ಎರಡೂ ಕಡೆಯ ಕಂಪ್ಯೂಟರುಗಳು ಮಾಡಿಕೊಳ್ಳುವ ಒಪ್ಪಂದವನ್ನೇ ಅಳಿಸಿಹಾಕುತ್ತವೆ. ಆಗ ಮಿತಿ 64 ಕೆಬಿಗೆ ನಿಲ್ಲುತ್ತದೆ, ವೇಗ ಸೆಕೆಂಡಿಗೆ 3.5 ಮೆಗಾಬಿಟ್‌ಗೆ (ಎಂಬಿಪಿಎಸ್) ಇಳಿಯುತ್ತದೆ. ಗೆರೆ ಪೂರ್ತಿ ನನ್ನದೇ ಆದರೆ ಎರಡೂವರೆ ನಿಮಿಷದಲ್ಲಿ ಬರಬೇಕಾದ 18 ಜಿಬಿ ಫೈಲಿಗೆ ಹನ್ನೊಂದು ಗಂಟೆ ಬೇಕಾಗುತ್ತದೆ. ಗೆರೆ ಖಾಲಿ ಬಿದ್ದಿರುತ್ತದೆ, ನಾವು ಕಾಯುತ್ತಿರುತ್ತೇವೆ.

ಇನ್ನೊಂದು ಶತ್ರು ಪ್ಯಾಕೆಟ್ ನಷ್ಟ. ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದುಹೋದರೆ ಯಾರು ಗಮನಿಸುತ್ತಾರೆ? ಎರಡು ಮಿಲಿಸೆಕೆಂಡ್ ದೂರದ ಸರ್ವರಿನಿಂದಾದರೆ ಅಷ್ಟು ನಷ್ಟವಿದ್ದೂ 700 ಎಂಬಿಪಿಎಸ್ ಬರುತ್ತದೆ. ಅದೇ ನಷ್ಟ 150 ಮಿಲಿಸೆಕೆಂಡಿನ ದಾರಿಯಲ್ಲಿದ್ದರೆ ಒಂದು ಹರಿವಿಗೆ, ಅಂದರೆ ಒಂದೇ ಸಂಪರ್ಕದ ರವಾನೆಗೆ, ಹತ್ತಿಪ್ಪತ್ತು ಎಂಬಿಪಿಎಸ್ ಸಿಕ್ಕಿದರೆ ಪುಣ್ಯ. ಒಂದೊಂದು ಪ್ಯಾಕೆಟ್ ಕಳೆದಾಗಲೂ ರವಾನೆಯನ್ನು ನಡೆಸುವ ನಿಯಮಾವಳಿಯಾದ ಟಿಸಿಪಿ ಹೆದರಿ ಹಿಂದೆ ಸರಿಯುತ್ತದೆ, ಮತ್ತೆ ಧೈರ್ಯ ತಂದುಕೊಳ್ಳಲು ದೂರದ ಉತ್ತರಕ್ಕಾಗಿ ಕಾಯುತ್ತದೆ.

ಹಾಗಾಗಿ "ನಮ್ಮ ಮನೆಯ ಫೈಬರಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿದರೆ 300 ತೋರಿಸುತ್ತದೆ ಸರ್, ನಿಮ್ಮ ಎನ್‌ಕೆಎನ್ ಏನು ಮಹಾ?" ಎನ್ನುವವರಿಗೆ ನನ್ನದು ಒಂದೇ ಮಾತು: ನಿಮ್ಮ ಪರೀಕ್ಷೆ ಬೆಂಗಳೂರಿನ ಸರ್ವರ್ ಮುಟ್ಟಿ ವಾಪಸು ಬಂದಿದೆ. ಹ್ಯಾಂಬರ್ಗಿನಿಂದ ಒಂದೇ ಹರಿವಿನಲ್ಲಿ ನೂರು ಜಿಬಿ ಇಳಿಸಿ ತೋರಿಸಿ, ಆಮೇಲೆ ಮಾತನಾಡೋಣ. ಎನ್‌ಕೆಎನ್ ಮತ್ತು ಜಿಯಾಂಟ್ ಅಂಥ ದೊಡ್ಡ, ಉದ್ದದ ಹರಿವುಗಳಿಗಾಗಿಯೇ ಕಟ್ಟಿದವು. ಬೆನ್ನೆಲುಬಿನಲ್ಲಿ ಜಾಗ ಬಿಟ್ಟಿರುತ್ತಾರೆ, ಸಂಜೆ ಏಳಕ್ಕೆ ಇಡೀ ಬಡಾವಣೆ ಧಾರಾವಾಹಿ ನೋಡಲು ಕೂರುವ ತಾಪತ್ರಯ ಅಲ್ಲಿಲ್ಲ.

ಆ ತಾಪತ್ರಯ ಇರುವುದು ನಮ್ಮ ಆವರಣದಲ್ಲಿ. ಗೇಟಿಗೆ ಬಂದ 1 ಜಿಬಿಪಿಎಸ್ ಆಡಳಿತ ಭವನ, ವಿಭಾಗಗಳು, ಗ್ರಂಥಾಲಯ, ಹಾಸ್ಟೆಲ್ ಎಲ್ಲಕ್ಕೂ ಹಂಚಿಹೋಗುತ್ತದೆ. ಊಟ ಮುಗಿದ ಮೇಲೆ ಹಾಸ್ಟೆಲಿನ ಮಕ್ಕಳು ಕ್ರಿಕೆಟ್ ನೋಡುತ್ತಾರೆ. ನೋಡಲಿ, ಅವರಿಗೂ ಬೇಸರ ಕಳೆಯಬೇಕಲ್ಲ. ನನ್ನ ತಕರಾರು ಅವರ ಮೇಲಲ್ಲ, ಅವರ ಕ್ರಿಕೆಟ್ಟನ್ನೂ ನನ್ನ ಮಾನ್ಸೂನನ್ನೂ ಒಂದೇ ಪೆಟ್ಟಿಗೆಯೊಳಗೆ ತೂರಿಸಿ, ಪ್ರತಿ ಪ್ಯಾಕೆಟ್ಟನ್ನೂ ತಡೆದು ಇಣುಕಿ ನೋಡಿ ಕಳಿಸುವ ವಿನ್ಯಾಸದ ಮೇಲೆ. ಸಾವಿರಾರು ಸಣ್ಣ ಹರಿವುಗಳನ್ನು ಸಂಭಾಳಿಸುವಂತೆ ಮಾಡಿದ ಫೈರ್‌ವಾಲ್ ಒಂದು ದೊಡ್ಡ ಹರಿವು ಬಂದಾಗ ತತ್ತರಿಸಿ ಪ್ಯಾಕೆಟ್ ಚೆಲ್ಲುತ್ತದೆ. ಜಾಲದ ವೇಗ ಅಳೆಯುವ ಐಪರ್ಫ್ ಸಾಧನ ಹಾಕಿ ಹಂತ ಹಂತವಾಗಿ ಅಳೆದಾಗ ಗೇಟಿನಾಚೆ ನಷ್ಟವೇ ಕಾಣಲಿಲ್ಲ. ಗೇಟಿನಿಂದ ನಮ್ಮ ವಿಭಾಗಕ್ಕೆ ಬರುವಷ್ಟರಲ್ಲಿ ಎಲ್ಲವೂ ಕಂಡಿತು. ಮೆಟ್ಟಿಲ ಕೆಳಗಿನ ನೆಟ್‌ವರ್ಕ್ ಸ್ವಿಚ್ಚಿನ ಫೈಬರ್ ತುದಿಯಲ್ಲಿ ಧೂಳು ಮೆತ್ತಿಕೊಂಡಿದ್ದೂ ಆಗಲೇ ಗೊತ್ತಾಯಿತು. ಒರೆಸಿದ್ದಕ್ಕೆ ಆದ ಲಾಭ, ಹೊಸ ಸರ್ವರ್ ಕೊಂಡಿದ್ದರೂ ಆಗುತ್ತಿರಲಿಲ್ಲ.

ಪರಿಹಾರ ಹೊಸದೇನಲ್ಲ. ಅಮೆರಿಕದ ಇಂಧನ ಇಲಾಖೆಯ ಇಎಸ್‌ನೆಟ್‌ನವರು ಇದಕ್ಕೆ 'ಸೈನ್ಸ್ ಡಿಎಂಜೆಡ್' ಎಂಬ ವಿನ್ಯಾಸವನ್ನು ರೂಪಿಸಿ ಬಹಳ ವರ್ಷಗಳಾದವು. ದೊಡ್ಡ ದತ್ತಾಂಶ ಇಳಿಸಲೆಂದೇ ಒಂದು ಕಂಪ್ಯೂಟರನ್ನು ಫೈರ್‌ವಾಲಿನ ಹೊರಗೆ, ಗೇಟಿನ ರೌಟರಿನ ಪಕ್ಕದಲ್ಲೇ ಇಡಬೇಕು. ಯಾರಿಗೆ ಪ್ರವೇಶ ಎಂಬ ಕಟ್ಟುನಿಟ್ಟಿನ ಪಟ್ಟಿಯನ್ನು ರೌಟರಿನಲ್ಲೇ ಹಾಕಬೇಕು. ದಾರಿಯ ಆರೋಗ್ಯವನ್ನು ಪರ್ಫ್‌ಸೋನಾರ್ ಬಳಸಿ ಸದಾ ಅಳೆಯುತ್ತಿರಬೇಕು. ನಾವು ಹಳೆಯ ಸರ್ವರ್ ಒಂದಕ್ಕೆ ವೇಗದ ಡಿಸ್ಕ್ ಹಾಕಿ ಇದನ್ನೇ ಮಾಡಿದೆವು. ತಾಂತ್ರಿಕ ಕೆಲಸ ಒಂದು ಮಧ್ಯಾಹ್ನದ್ದು. ಕಡತದ ಪಯಣ ಮಾತ್ರ ಎರಡು ಮಳೆಗಾಲ ನೋಡಿತು. 'ಫೈರ್‌ವಾಲಿನ ಹೊರಗೆ' ಎಂಬ ಎರಡು ಪದ ಕಂಡೊಡನೆ ಪ್ರತಿ ಮೇಜಿನವರೂ "ಮಾತನಾಡಿ" ಎಂದು ಬರೆದು ಮುಂದಿನ ಮೇಜಿಗೆ ತಳ್ಳಿದರು. ಕೊನೆಗೆ ದಾರಿ ಮಾಡಿಕೊಟ್ಟದ್ದು ಒಂದು ಸಣ್ಣ ಜಾಣತನ: ಟಿಪ್ಪಣಿಯಲ್ಲಿ 'ಫೈರ್‌ವಾಲಿನ ಮೇಲಿನ ಹೊರೆ ತಗ್ಗಿಸುವ ಬಗ್ಗೆ' ಎಂದು ವಿಷಯ ಬದಲಿಸಿದೆವು, ಸಹಿ ಬಿತ್ತು.

ಈಗ ರಾತ್ರಿಯಿಡೀ ಇಳಿಯುತ್ತಿದ್ದ ಫೈಲು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಬಂದಿರುತ್ತದೆ. ಹೊಸಬರು ಎಡವುವ ಜಾಗ ಇನ್ನೊಂದಿದೆ. ಎಲ್ಲದಕ್ಕೂ ಫೈಲು ನಕಲಿಸುವ ಎಸ್‌ಸಿಪಿ ಸಾಧನ ಬಳಸುವ ಅಭ್ಯಾಸವಿದ್ದರೆ ಬಿಡಿ. ಅದರ ಹಿಂದಿರುವ ಓಪನ್ಎಸ್ಎಸ್‌ಎಚ್ ತಂತ್ರಾಂಶದ ಒಳಮಿತಿ 2 ಎಂಬಿಯಷ್ಟೇ ಆದ್ದರಿಂದ ಯುರೋಪಿನಷ್ಟು ದೂರಕ್ಕೆ ಅದು 100 ಎಂಬಿಪಿಎಸ್ ದಾಟಿದರೆ ಹೆಚ್ಚು. ದೊಡ್ಡ ಫೈಲು ಸಾಗಿಸುವ ಗ್ಲೋಬಸ್ ಸೇವೆ ಇರುವ ಕಡೆ ಅದನ್ನು ಬಳಸಿ, ಇಲ್ಲದ ಕಡೆ ಏಕಕಾಲಕ್ಕೆ ನಾಲ್ಕೈದು ಹರಿವು ತೆರೆಯುವ ಯಾವುದಾದರೂ ಸಾಧನ ಸಾಕು. ಇನ್ನು ಇಆರ್‌ಎ-5 ಕೇಳಿದಾಗ ಅವರ ಕಡೆ ಫೈಲು ಸಿದ್ಧವಾಗಲು ಸರತಿಯಲ್ಲಿ ಕಾಯಬೇಕು. ಆ ಕಾಯುವಿಕೆಗೆ ಯಾವ ದೇಶದ ಜಾಲವೂ ಹೊಣೆಯಲ್ಲ.

ಕಳೆದುಕೊಂಡ ಅರ್ಧ ಅಂಕದ ವಿಷಯ ಹೇಳುತ್ತೇನೆ. ಶೈಕ್ಷಣಿಕ ಜಾಲಕ್ಕೆ ಬೇರೆ ಸಮುದ್ರವಿಲ್ಲ. ಎಲ್ಲರಂತೆ ಅದೂ ಕೆಂಪು ಸಮುದ್ರದ ಇಕ್ಕಟ್ಟನ್ನು ನೆಚ್ಚಿಕೊಂಡಿದೆ. 2024ರ ಫೆಬ್ರವರಿಯಲ್ಲಿ ಅಲ್ಲಿ ಎಎಇ-1, ಇಐಜಿ, ಸೀಕಾಮ್ ಕೇಬಲ್ಲುಗಳು ತುಂಡಾದವು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಬಳಿ ಮತ್ತೆರಡು ಕೇಬಲ್ಲುಗಳಿಗೆ ಪೆಟ್ಟು ಬಿತ್ತು. ಅಂಥ ದಿನಗಳಲ್ಲಿ ಯುರೋಪಿನ ದಾರಿ ಸುತ್ತು ಬಳಸಿನದಾಗುತ್ತದೆ. ಸಿಂಗಪುರದ ಬಾಗಿಲು ಇರುವುದು ಆಗ ಸಮಾಧಾನ, ಆದರೆ ಪೂರ್ವದಿಂದ ಹೊರಟು ಯುರೋಪ್ ಮುಟ್ಟುವ ಹೊತ್ತಿಗೆ ಮಿಲಿಸೆಕೆಂಡುಗಳು ಬೆಳೆದಿರುತ್ತವೆ, ಮೇಲೆ ಹೇಳಿದ ಲೆಕ್ಕವೆಲ್ಲ ಮತ್ತೆ ಕೆಡುತ್ತದೆ.

ಎಡುರೋಮ್ ಎಂಬ ವೈಫೈ ಸೌಲಭ್ಯದ ಬಗ್ಗೆ ಹೇಳದಿದ್ದರೆ ಕೃತಘ್ನನಾಗುತ್ತೇನೆ. ವೈಫೈಗೆ ನಮ್ಮ ಸಂಸ್ಥೆಯ ಹೆಸರಿನ ಲಾಗಿನ್ ಕೊಟ್ಟರೆ ಸಾಕು, ಜರ್ಮನಿಯ ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ಫೋನು ತಾನಾಗಿಯೇ ಜಾಲಕ್ಕೆ ಸೇರುತ್ತದೆ. ಪಾಸ್‌ವರ್ಡ್ ಅಲ್ಲಿನವರ ಕೈಗೆ ಸಿಗುವುದಿಲ್ಲ, ಗೂಢಲಿಪಿಯಲ್ಲಿ ಊರಿಗೆ ಬಂದು ನಮ್ಮ ಸರ್ವರಿನ ಒಪ್ಪಿಗೆ ಪಡೆದು ಹೋಗುತ್ತದೆ. ಭಾರತದಲ್ಲಿ ಇದನ್ನು ನಡೆಸುವವರು ಅರ್ನೆಟ್‌ನವರು. ಒಂದು ಎಚ್ಚರಿಕೆ: ಫೋನಿನಲ್ಲಿ ಪ್ರಮಾಣಪತ್ರ ಪರಿಶೀಲನೆಯನ್ನು 'ಬೇಡ' ಎಂದು ಒತ್ತಿಬಿಡಬೇಡಿ, ಹಾಗೆ ಮಾಡಿದರೆ ಅದೇ ಹೆಸರಿನ ಕಳ್ಳ ವೈಫೈಗೂ ನಿಮ್ಮ ಗುಟ್ಟು ಕೊಟ್ಟಂತೆ. ನಮ್ಮ ರಾಜ್ಯದ ಎಷ್ಟೋ ಕಾಲೇಜುಗಳಿಗೆ ಇದು ಇನ್ನೂ ಬಂದಿಲ್ಲ ಎಂಬುದು ಬೇಸರದ ಸಂಗತಿ. ಇದಕ್ಕೆ ಬೇಕಾದ್ದು ಒಂದು ಸಾಧಾರಣ ಸರ್ವರ್ ಮತ್ತು ಆಸಕ್ತಿಯಿರುವ ಒಬ್ಬ ಸಿಬ್ಬಂದಿ.

ಗ್ರಂಥಾಲಯದವರಿಗೂ ಇಂಥದೇ ಅನುಕೂಲವಿದೆ. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಲಾಗಿನ್ ಇದ್ದರೆ ಮನೆಯಿಂದಲೂ ನಿಯತಕಾಲಿಕಗಳು ತೆರೆಯುತ್ತವೆ. 2025ರ ಜನವರಿಯಿಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಬಂದ ಮೇಲೆ ಹಿಂದೆ ಕಂಡರಿಯದ ಪತ್ರಿಕೆಗಳೂ ಓದಲು ಸಿಗುತ್ತಿವೆ.

ಸದ್ಯ ನಮ್ಮ ತಲೆನೋವು ಜೆಸಿಬಿ. ಗೇಟಿಗೆ ಬರುವ ಫೈಬರ್ ಒಂದೇ ದಾರಿಯಲ್ಲಿ, ರಸ್ತೆಯಂಚಿನ ಚರಂಡಿಯ ಪಕ್ಕದಲ್ಲೇ ಬಂದಿದೆ. ಒಮ್ಮೆ ನೀರಿನ ಪೈಪಿಗೆ, ಒಮ್ಮೆ ಗ್ಯಾಸ್ ಪೈಪಿಗೆ, ಒಮ್ಮೆ ಅಗೆದದ್ದನ್ನು ಮುಚ್ಚುವುದಕ್ಕೆ ಅಗೆಯುತ್ತಾರೆ. ತುಂಡಾದರೆ ನಾನು ನೇರವಾಗಿ ದೂರು ಕೊಡುವಂತಿಲ್ಲ, ಸಂಸ್ಥೆಯ ನೋಡಲ್ ಅಧಿಕಾರಿಯ ಮೂಲಕವೇ ಹೋಗಬೇಕು. ಭಾನುವಾರ ತುಂಡಾದರೆ ಸೋಮವಾರ ಹತ್ತೂವರೆಗೆ ದೂರು ಹುಟ್ಟುತ್ತದೆ. ಹಿಂದಿನ ಗೇಟಿನ ಕಡೆಯಿಂದ ಎರಡನೆಯ ಫೈಬರ್ ತರುವ ಪ್ರಸ್ತಾವ ಬರೆದು ಕೊಟ್ಟಿದ್ದೇವೆ. ಈ ಸಲದ ಟಿಪ್ಪಣಿಯಲ್ಲಿ ಫೈರ್‌ವಾಲಿನ ಹೆಸರೇ ಇಲ್ಲ, ಆದರೂ ಕಡತ ಈಗ ಮೂರನೆಯ ಮೇಜಿನಲ್ಲಿದೆ.